ಸ್ಥಾನ ಖಾಲಿ ಎಂದು ಹೇಳುವವರು ಯಾರು? ಅಮೆರಿಕದ ಆರಂಭಕಾಲದ ಉಪಚುನಾವಣೆಗಳು

ಪ್ರಶ್ನೆ: ಅಮೆರಿಕದ ಮೊದಲ ಕಾಂಗ್ರೆಸ್ಸಿನ ಸದಸ್ಯರ ಪಟ್ಟಿ ನೋಡುತ್ತಿದ್ದೆ. ವರ್ಜೀನಿಯಾದ ಪ್ರತಿನಿಧಿ ಥಿಯೊಡೊರಿಕ್ ಬ್ಲಾಂಡ್ 1790ರ ಜೂನ್ 1ರಂದು ತೀರಿಕೊಂಡರು. ಅವರ ಜಾಗಕ್ಕೆ ವಿಲಿಯಂ ಬ್ರಾಂಚ್ ಜೈಲ್ಸ್ ಬಂದು ಕುಳಿತದ್ದು ಡಿಸೆಂಬರ್ 7ಕ್ಕೆ. ಅದೇ ವರ್ಷ ಮಾರ್ಚ್ 12ರಂದು ಅದೇ ರಾಜ್ಯದ ಸೆನೆಟರ್ ವಿಲಿಯಂ ಗ್ರೇಸನ್ ತೀರಿಕೊಂಡಾಗ ಮಾತ್ರ ಮೂರು ವಾರದೊಳಗೆ ಬದಲಿ ಸಿಕ್ಕಿದ್ದಾರೆ. ಒಂದೇ ರಾಜ್ಯದಲ್ಲಿ ಇಷ್ಟು ವ್ಯತ್ಯಾಸ ಏಕೆ? ಚುನಾವಣಾ ಆಯೋಗವೇ ಇಲ್ಲದ ಆ ಕಾಲದಲ್ಲಿ ಉಪಚುನಾವಣೆಯನ್ನು ಯಾರು, ಹೇಗೆ ನಡೆಸುತ್ತಿದ್ದರು? ಇಂತಿಷ್ಟು ದಿನದೊಳಗೆ ನಡೆಸಬೇಕೆಂಬ ನಿಯಮ ಇತ್ತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಗಡುವು ಇರಲಿಲ್ಲ. ನಮ್ಮಲ್ಲಿ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನ ಪ್ರಕಾರ, ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬಿಟ್ಟು, ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಅಮೆರಿಕದ ಸಂವಿಧಾನದಲ್ಲಿ ಅಂಥ ಲೆಕ್ಕವೇ ಇಲ್ಲ. ಅದರ ಮೊದಲ ವಿಧಿಯ ಎರಡನೆಯ ಪರಿಚ್ಛೇದದಲ್ಲಿ ಇರುವುದು ಒಂದೇ ಒಂದು ವಾಕ್ಯ. ಯಾವುದೇ ರಾಜ್ಯದ ಪ್ರಾತಿನಿಧ್ಯದಲ್ಲಿ ತೆರವು ಒದಗಿದಾಗ ಆ ರಾಜ್ಯದ ಕಾರ್ಯಾಂಗವು ಚುನಾವಣೆಗೆ ರಿಟ್ (ಲಿಖಿತ ಆದೇಶ) ಹೊರಡಿಸತಕ್ಕದ್ದು. ಇಷ್ಟೇ. ಯಾವ ದಿನ, ಎಷ್ಟು ದಿನದ ಸೂಚನೆ, ತೆರವಾಗಿದೆ ಎಂದು ತೀರ್ಮಾನಿಸುವವರು ಯಾರು, ಗೆದ್ದವರ ಅವಧಿ ಎಲ್ಲಿಯವರೆಗೆ, ಒಂದನ್ನೂ ಹೇಳಿಲ್ಲ. ಮುಂದಿನ ಐವತ್ತು ವರ್ಷ ಒಂದೊಂದು ತಕರಾರು ಎದ್ದಾಗಲೂ ಅವರು (ಅಮೆರಿಕದವರು) ಮತ್ತೆ ಮತ್ತೆ ಬಂದು ನಿಂತದ್ದು ಈ ವಾಕ್ಯದ ಮುಂದೆಯೇ.

ಬ್ಲಾಂಡ್ ಅವರ ವಿಷಯಕ್ಕೆ ಬರೋಣ. ಜೂನ್ 1ರಿಂದ ಡಿಸೆಂಬರ್ 7ರವರೆಗೆ ಆರು ತಿಂಗಳು ಎಂದು ಪಟ್ಟಿ ತೋರಿಸುತ್ತದೆ, ನಿಜ. ಆದರೆ ಸದನ ನಡೆದ ದಿನಗಳನ್ನು ಪಕ್ಕಕ್ಕಿಟ್ಟು ನೋಡಿ. ಮೊದಲ ಕಾಂಗ್ರೆಸ್ಸಿನ ಎರಡನೆಯ ಅಧಿವೇಶನ ನ್ಯೂಯಾರ್ಕಿನಲ್ಲಿ 1790ರ ಆಗಸ್ಟ್ 12ಕ್ಕೆ ಮುಗಿಯಿತು. ಮೂರನೆಯದು ಫಿಲಡೆಲ್ಫಿಯಾದಲ್ಲಿ ಆರಂಭವಾದದ್ದು ಡಿಸೆಂಬರ್ 6ಕ್ಕೆ. ಜೈಲ್ಸ್ ಮರುದಿನವೇ ಹಾಜರಾಗಿದ್ದಾರೆ. ಹಾಗಾಗಿ ಕ್ಷೇತ್ರಕ್ಕೆ ದನಿ ಇಲ್ಲದೆ ಹೋದದ್ದು ಸುಮಾರು ಹತ್ತು ವಾರ ಮಾತ್ರ. ಆ ಹತ್ತು ವಾರ ಸಣ್ಣವಲ್ಲ ಎಂಬುದನ್ನೂ ಹೇಳಬೇಕು. ರಾಜಧಾನಿಯನ್ನು ಪೊಟೋಮ್ಯಾಕ್ ನದಿಯ ದಡಕ್ಕೆ ಒಯ್ಯುವ ಮಸೂದೆ ಜುಲೈ 9ರಂದು 32–29 ಮತಗಳಿಂದ ಪಾಸಾದದ್ದೂ, ರಾಜ್ಯಗಳ ಸಾಲವನ್ನು ಕೇಂದ್ರ ಹೊತ್ತುಕೊಳ್ಳುವ ಪ್ರಸ್ತಾಪ ಒಪ್ಪಿಗೆ ಪಡೆದದ್ದೂ ಆಗಲೇ. ಮೂರು ಮತಗಳ ಅಂತರದಲ್ಲಿ ತೀರ್ಮಾನವಾಗುವ ಸದನದಲ್ಲಿ ಒಂದು ಸ್ಥಾನ ಖಾಲಿ ಇರುವುದು ಸಣ್ಣ ಸಂಗತಿಯಲ್ಲ.

ಇದೇ ಮೊದಲ ಉಪಚುನಾವಣೆ ಎಂದು ಹಲವರು ಬರೆಯುತ್ತಾರೆ. ಸಾವಿನಿಂದ ತೆರವಾದ ಮೊದಲ ಪ್ರತಿನಿಧಿ ಸ್ಥಾನ ಎಂದರೆ ಸರಿ. ಅದಕ್ಕೂ ಹಿಂದಿನ ವರ್ಷವೇ ನ್ಯೂ ಹ್ಯಾಂಪ್‌ಶೈರಿನಲ್ಲಿ ಗೆದ್ದಿದ್ದ ಬೆಂಜಮಿನ್ ವೆಸ್ಟ್ ತಮಗೆ ಸ್ಥಾನ ಬೇಡವೆಂದರು. 1789ರ ಜೂನ್‌ನಲ್ಲಿ ಮತ್ತೆ ಮತದಾನ ನಡೆದು ಏಬಿಯಲ್ ಫಾಸ್ಟರ್ ಆಯ್ಕೆಯಾದರು. ಗೆದ್ದೂ ಹೋಗದಿರುವುದು, ಹೋಗಿ ನಡುವೆ ಬಿಟ್ಟುಬರುವುದು ಆಗ ಅಪರೂಪವಲ್ಲ. ದಿನಕ್ಕೆ 6 ಡಾಲರ್ ಭತ್ಯೆ, ಪ್ರತಿ 20 ಮೈಲಿ ಪ್ರಯಾಣಕ್ಕೆ 6 ಡಾಲರ್. ಅಷ್ಟಕ್ಕಾಗಿ ವಕಾಲತ್ತೋ ತೋಟವೋ ಬಿಟ್ಟು ತಿಂಗಳುಗಟ್ಟಲೆ ದೂರದೂರಿನಲ್ಲಿ ಕೂರುವುದಕ್ಕಿಂತ ತಮ್ಮ ರಾಜ್ಯದ ನ್ಯಾಯಾಧೀಶನಾಗುವುದೋ ಗವರ್ನರ್ ಆಗುವುದೋ ಎಷ್ಟೋ ಜನರಿಗೆ ಮೇಲು ಎನ್ನಿಸುತ್ತಿತ್ತು.

ಸೆನೆಟಿನಲ್ಲಿ ಬದಲಿ ಬೇಗ ಸಿಕ್ಕಿದ್ದಕ್ಕೆ ಕಾರಣ ಸರಳ. ಅಲ್ಲಿ ನಡೆದದ್ದು ಚುನಾವಣೆಯಲ್ಲ, ನೇಮಕ. ಆಗ ಸೆನೆಟರನ್ನು ಆರಿಸುತ್ತಿದ್ದುದು ರಾಜ್ಯದ ಶಾಸಕಾಂಗ, ನಮ್ಮ ರಾಜ್ಯಸಭೆಗೆ ಶಾಸಕರು ಆರಿಸುವ ಹಾಗೆ. ಶಾಸಕಾಂಗ ಬಿಡುವಿನಲ್ಲಿದ್ದಾಗ ಸ್ಥಾನ ತೆರವಾದರೆ, ಅದು ಮುಂದೆ ಸೇರುವವರೆಗೆ ಗವರ್ನರ್ ತಾತ್ಕಾಲಿಕವಾಗಿ ಒಬ್ಬರನ್ನು ನೇಮಿಸಬಹುದಿತ್ತು. ವರ್ಜೀನಿಯಾದ ಗವರ್ನರ್ ಬೆವರ್ಲಿ ರಾಂಡಾಲ್ಫ್ ಮೊದಲು ಜಾರ್ಜ್ ಮೇಸನ್ ಅವರನ್ನು ಕೇಳಿದರು, ಅವರು ಒಪ್ಪಲಿಲ್ಲ. ಮಾರ್ಚ್ 31ಕ್ಕೆ ಜಾನ್ ವಾಕರ್ ಬಂದರು. ನವೆಂಬರಿನಲ್ಲಿ ಶಾಸಕಾಂಗ ಸೇರಿದಾಗ ಜೇಮ್ಸ್ ಮನ್ರೋ ಅವರನ್ನು ಆರಿಸಿತು. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಈ ಅಡ್ಡದಾರಿ ಅಂದೂ ಇರಲಿಲ್ಲ, ಇಂದಿಗೂ ಇಲ್ಲ. ಜನರ ಮತವಿಲ್ಲದೆ ಒಬ್ಬರೂ ಆ ಸದನದಲ್ಲಿ ಕೂತಿಲ್ಲ. ಸಂವಿಧಾನಕ್ಕೂ ಮುಂಚಿನ ಒಕ್ಕೂಟದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆಗ ಪ್ರತಿನಿಧಿಗಳನ್ನು ವರ್ಷವರ್ಷ ಕಳಿಸುತ್ತಿದ್ದುದೂ, ಬೇಡವೆನಿಸಿದಾಗ ವಾಪಸು ಕರೆಸಿ ಬೇರೆಯವರನ್ನು ಕಳಿಸುತ್ತಿದ್ದುದೂ ರಾಜ್ಯಗಳೇ.

ಈ ರಿಟ್ ಪದ್ಧತಿ ಬಂದದ್ದು ವಸಾಹತು ಕಾಲದಿಂದ, ಅಲ್ಲಿಗೆ ಬಂದದ್ದು ಇಂಗ್ಲೆಂಡಿನ ಪಾರ್ಲಿಮೆಂಟಿನಿಂದ. ವರ್ಜೀನಿಯಾದ ವಸಾಹತು ಶಾಸನಸಭೆಯಾದ ಹೌಸ್ ಆಫ್ ಬರ್ಜೆಸಸ್‌ನಲ್ಲಿ ಸದಸ್ಯರೊಬ್ಬರು ಸತ್ತರೆ ಅಥವಾ ಶೆರಿಫ್‌ನಂಥ (ಕೌಂಟಿಯ ಮುಖ್ಯ ಅಧಿಕಾರಿಯಂಥ) ಹುದ್ದೆ ಒಪ್ಪಿಕೊಂಡರೆ, ಹೊಸ ರಿಟ್ ಹೊರಡಿಸಬೇಕೆಂದು ಸದನವೇ ಗವರ್ನರರಿಗೆ ಅರಿಕೆ ಸಲ್ಲಿಸುತ್ತಿತ್ತು. 1765ರಲ್ಲಿ ಲೂಯಿಸಾ ಕೌಂಟಿಯ (ಜಿಲ್ಲೆಯಂಥ ಘಟಕ) ಸದಸ್ಯ ವಿಲಿಯಂ ಜಾನ್ಸನ್ ಕರೋನರ್ (ಅನುಮಾನದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ಹುದ್ದೆ ಹಿಡಿದರು. ತೆರವಾದ ಆ ಸ್ಥಾನಕ್ಕೆ ಆಯ್ಕೆಯಾಗಿ ಮೇ ತಿಂಗಳಲ್ಲಿ ಪ್ರಮಾಣವಚನ ತೆಗೆದುಕೊಂಡವರು ಪ್ಯಾಟ್ರಿಕ್ ಹೆನ್ರಿ. ಅದೇ ತಿಂಗಳ ಕೊನೆಯಲ್ಲಿ ಅವರು ಕಾಗದಪತ್ರಗಳ ಮೇಲೆ ಬ್ರಿಟನ್ ಹೇರಿದ ತೆರಿಗೆಯಾದ ಸ್ಟ್ಯಾಂಪ್ ಕಾಯ್ದೆಯ ವಿರುದ್ಧದ ನಿರ್ಣಯಗಳನ್ನು ಮಂಡಿಸಿದರು. ಅವರನ್ನು ಸದನಕ್ಕೆ ತಂದದ್ದು ಒಂದು ಕೌಂಟಿಯ ಉಪಚುನಾವಣೆ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ, ಹೇಳಬೇಕು.

ಈಗ, ಯಾರು ನಡೆಸುತ್ತಿದ್ದರು ಎಂಬ ಪ್ರಶ್ನೆ. ವರ್ಜೀನಿಯಾದಲ್ಲಿ ಎಲ್ಲದಕ್ಕೂ ಶೆರಿಫ್. ಗವರ್ನರರ ರಿಟ್ ಕ್ಷೇತ್ರದ ಒಂದೊಂದು ಕೌಂಟಿಯ ಶೆರಿಫರಿಗೂ ಹೋಗುತ್ತಿತ್ತು. ಸ್ಥಾನ ಯಾರದು, ಹೇಗೆ ತೆರವಾಯಿತು, ಮತದಾನ ಎಂದು, ಫಲಿತಾಂಶವನ್ನು ಎಲ್ಲಿಗೆ ಕಳಿಸಬೇಕು ಎಂಬುದು ಅದರಲ್ಲಿ ಇರಬೇಕು. ಶೆರಿಫ್ ಊರಿಗೆಲ್ಲ ತಿಳಿಯುವಂತೆ ಪ್ರಕಟಣೆ ಮಾಡಿಸಿ, ಗೊತ್ತಾದ ದಿನ ಕೌಂಟಿ ನ್ಯಾಯಾಲಯದಲ್ಲಿ ಮೇಜು ಹಾಕಿಸುತ್ತಿದ್ದ. ಗುಪ್ತ ಮತದಾನವಿಲ್ಲ. ಮತದಾರ ಮೇಜಿನ ಮುಂದೆ ಬಂದು ಅಭ್ಯರ್ಥಿಯ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು, ಗುಮಾಸ್ತರು ಆ ಅಭ್ಯರ್ಥಿಯ ಹೆಸರಿನ ಕೆಳಗೆ ಮತದಾರನ ಹೆಸರು ಬರೆದುಕೊಳ್ಳಬೇಕು. ಮತ ಇದ್ದದ್ದು ಜಮೀನುಳ್ಳ ಬಿಳಿಯ ಗಂಡಸರಿಗೆ ಮಾತ್ರ. ಮನೆ ಸಹಿತ 25 ಎಕರೆ ಸಾಗುವಳಿ ಭೂಮಿ ಇದ್ದರೆ ಸಾಕಿತ್ತು. ಆ ಮೇಲೆ ಕ್ಷೇತ್ರದ ಶೆರಿಫರೆಲ್ಲ ಒಂದೆಡೆ ಸೇರಿ ತಂತಮ್ಮ ಪಟ್ಟಿಗಳನ್ನು ಕೂಡಿಸಿ ಗೆದ್ದವರಿಗೆ ಪ್ರಮಾಣಪತ್ರ ಬರೆಯುತ್ತಿದ್ದರು. ಹೀಗಾಗಿ ಒಬ್ಬ ಶೆರಿಫ್ ತಡಮಾಡಿದರೂ ಇಡೀ ಕ್ಷೇತ್ರದ ಕೆಲಸ ನಿಲ್ಲುತ್ತಿತ್ತು. ಬ್ಲಾಂಡ್ ತೀರಿಕೊಂಡದ್ದು ನ್ಯೂಯಾರ್ಕಿನಲ್ಲಿ. ಸುದ್ದಿ ರಿಚ್‌ಮಂಡಿಗೆ ಮುಟ್ಟಿ, ಅಲ್ಲಿಂದ ರಿಟ್‌ಗಳು ಕುದುರೆಯ ಮೇಲೆ ಕೌಂಟಿಗಳಿಗೆ ಹೋಗಬೇಕು. ದಿನಗಳು ಅಲ್ಲಿಯೇ ಕಳೆಯುತ್ತಿದ್ದವು.

ಮ್ಯಾಸಚೂಸೆಟ್ಸ್‌ನಲ್ಲಿ ಶೆರಿಫನ ಮೇಜು ಇಲ್ಲ, ಊರಸಭೆ ಇದೆ. ಗವರ್ನರರ ಆದೇಶ ಊರಿನ ಸೆಲೆಕ್ಟ್‌ಮನ್‌ಗಳಿಗೆ, ಅಂದರೆ ಊರಿನ ಆಡಳಿತಕ್ಕೆ ಆರಿಸಿದವರಿಗೆ, ಬರುತ್ತದೆ. ಅವರು ಸಭೆ ಕರೆಯುತ್ತಾರೆ. ಮತದಾರ ಚೀಟಿಯಲ್ಲಿ ಹೆಸರು ಬರೆದುಕೊಡುತ್ತಾನೆ, ಸಭೆಯಲ್ಲೇ ಎಣಿಕೆ, ಊರ ಗುಮಾಸ್ತನ ಪುಸ್ತಕದಲ್ಲಿ ದಾಖಲೆ, ನಕಲು ಮೊಹರು ಹಾಕಿ ಬಾಸ್ಟನ್ನಿಗೆ. ಇಲ್ಲಿನ ದೊಡ್ಡ ತೊಡಕು ಎಣಿಕೆಯದಲ್ಲ, ಬಹುಮತದ್ದು. ಅತಿ ಹೆಚ್ಚು ಮತ ಪಡೆದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಬೇಕು. ಮುದ್ರಿತ ಮತಪತ್ರವಿಲ್ಲ, ಅಭ್ಯರ್ಥಿಗಳ ಅಧಿಕೃತ ಪಟ್ಟಿಯಿಲ್ಲ, ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಹಾಗಾಗಿ ಮತಗಳು ಐದಾರು ಹೆಸರಿಗೆ ಚದುರಿಹೋಗಿ ಯಾರಿಗೂ ಅರ್ಧ ದಾಟದೆ, ಮತ್ತೊಂದು ಆದೇಶ, ಮತ್ತೊಂದು ಊರಸಭೆ, ಮತ್ತೊಂದು ಎಣಿಕೆ. ಸಾಮಾನ್ಯ ಚುನಾವಣೆಗಳೇ ಕೆಲವು ಕ್ಷೇತ್ರಗಳಲ್ಲಿ ಮೂರು ನಾಲ್ಕು ಸುತ್ತು ನಡೆದಿವೆ. ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಭಾಗದ, ಅಂದರೆ ನ್ಯೂ ಇಂಗ್ಲೆಂಡಿನ, ಒಂದು ಸ್ಥಾನ ಬಹಳ ದಿನ ಖಾಲಿ ಇದ್ದದ್ದು ಕಂಡರೆ ಗವರ್ನರರ ಸೋಮಾರಿತನ ಎಂದು ತಕ್ಷಣ ತೀರ್ಮಾನಿಸಬೇಡಿ, ಎಷ್ಟು ಸುತ್ತು ನಡೆಯಿತೆಂದು ಮೊದಲು ನೋಡಿ.

ಕೈಬರಹದ ಚೀಟಿಗೆ ಇನ್ನೊಂದು ಪೀಡೆ ಹೆಸರಿನದು. 1814ರ ಚುನಾವಣೆಯಲ್ಲಿ ನ್ಯೂಯಾರ್ಕಿನ ವೆಸ್ಟೆಲ್ ವಿಲೋಬಿ ಜೂನಿಯರ್ ಅವರ ಹೆಸರಿನಲ್ಲಿ ಕೆಲವೆಡೆ ‘ಜೂನಿಯರ್’ ಬಿಟ್ಟುಹೋಗಿ, ಆ ಮತಗಳನ್ನು ಬೇರೆ ಮನುಷ್ಯನಿಗೆ ಬಂದವೆಂದು ಲೆಕ್ಕ ಹಾಕಿದರು. ಎದುರಾಳಿಗೆ ಪ್ರಮಾಣಪತ್ರ ಹೋಯಿತು. 1815ರ ಡಿಸೆಂಬರಿನಲ್ಲಿ ಸದನ ತಪ್ಪನ್ನು ತಿದ್ದಿ ವಿಲೋಬಿಗೆ ಸ್ಥಾನ ಕೊಟ್ಟಿತು. ಅದು ಉಪಚುನಾವಣೆಯಲ್ಲ. ಆದರೆ ಗಡಿಬಿಡಿಯಲ್ಲಿ, ಕಡಿಮೆ ಜನ ಬರುವ ಉಪಚುನಾವಣೆಯಲ್ಲಿ ಇಂಥ ನಾಲ್ಕು ಚೀಟಿ ಸಾಕು ಫಲಿತಾಂಶ ತಿರುಗಲು.

ನಿಜವಾದ ಗಂಟು ಇರುವುದು ಬೇರೆ ಕಡೆ. ಸಾವಾದರೆ ಯಾರೂ ಪ್ರಶ್ನಿಸರು. ಉಳಿದ ಸಂದರ್ಭಗಳಲ್ಲಿ ಸ್ಥಾನ ಖಾಲಿಯಾಗಿದೆ ಎಂದು ಹೇಳುವ ಅಧಿಕಾರ ಯಾರದು? ರಾಜೀನಾಮೆಯನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದಸ್ಯ ನೇರವಾಗಿ ರಾಜೀನಾಮೆ ಕೊಡುವಂತಿಲ್ಲ, ಹೆಸರಿಗೊಂದು ಸರಕಾರಿ ಹುದ್ದೆ ಹಿಡಿದು ಸ್ಥಾನ ಕಳೆದುಕೊಳ್ಳಬೇಕು. 1791ರಲ್ಲಿ ಮೇರಿಲ್ಯಾಂಡಿನ ವಿಲಿಯಂ ಪಿಂಕ್ನಿ ತಮ್ಮ ಸ್ಥಾನ ಬಿಟ್ಟಾಗ ಅಮೆರಿಕದ ಸದನದಲ್ಲೂ ಆ ಹಳೆಯ ವಾದ ಎದ್ದಿತು. ಚುನಾಯಿತನಾದವನು ಸುಮ್ಮನೆ ಬಿಟ್ಟೆ ಎಂದರೆ ಸ್ಥಾನ ತೆರವಾಗುತ್ತದೆಯೇ? ಕೊನೆಗೆ ಪಿಂಕ್ನಿಯ ಜಾಗಕ್ಕೆ ಆಯ್ಕೆಯಾದ ಜಾನ್ ಫ್ರಾನ್ಸಿಸ್ ಮರ್ಸರ್ ಅವರನ್ನು ಸದನ ಕೂರಿಸಿಕೊಂಡಿತು. ರಾಜೀನಾಮೆಯ ದಾರಿ ತೆರೆದದ್ದು ಹಾಗೆ.

ಬೇರೆ ಹುದ್ದೆ ಹಿಡಿದವರ ಕಥೆ ಇನ್ನೂ ಸಿಕ್ಕುಸಿಕ್ಕು. ಕೇಂದ್ರದ ಹುದ್ದೆಯಲ್ಲಿ ಇದ್ದುಕೊಂಡು ಸದಸ್ಯನಾಗಿರುವಂತಿಲ್ಲ ಎಂದು ಸಂವಿಧಾನ ಹೇಳುತ್ತದೆ. ನ್ಯೂಯಾರ್ಕಿನ ಜಾನ್ ಪಿ. ವ್ಯಾನ್ ನೆಸ್ ಕೊಲಂಬಿಯಾ ಜಿಲ್ಲೆಯ (ಕೇಂದ್ರದ ರಾಜಧಾನಿ ಪ್ರದೇಶದ) ಮಿಲಿಶಿಯಾದಲ್ಲಿ, ಅಂದರೆ ನಾಗರಿಕ ಪಡೆಯಲ್ಲಿ, ಮೇಜರ್ ಆದ ಕಾರಣಕ್ಕೆ 1803ರ ಜನವರಿ 17ರಂದು ಸದನವೇ ಅವರ ಸ್ಥಾನ ಹೋಯಿತೆಂದು ಘೋಷಿಸಿತು. ಕೆಂಟಕಿಯ ಪ್ರತಿನಿಧಿ ಹೆನ್ರಿ ಕ್ಲೇ ವಿಷಯದಲ್ಲಿ ಅದನ್ನು ಹೇಳಿದ್ದು ಸದನವಲ್ಲ, ಕೆಂಟಕಿಯ ಗವರ್ನರ್. ಕ್ಲೇ 1814ರ ಜನವರಿಯಲ್ಲಿ ಬ್ರಿಟನ್ನಿನೊಂದಿಗಿನ ಯುದ್ಧ ಮುಗಿಸುವ ಗೆಂಟ್ ನಗರದ ಶಾಂತಿ ಮಾತುಕತೆಗೆ ಹೊರಡುವಾಗ ರಾಜೀನಾಮೆ ಕೊಟ್ಟರು, ಜೋಸೆಫ್ ಹಾಕಿನ್ಸ್ ಆ ಜಾಗಕ್ಕೆ ಬಂದರು. ಮುಂದಿನ ಅವಧಿಗೆ ಕ್ಲೇ ಮತ್ತೆ ಗೆದ್ದರು. ಆದರೆ ಆಗ ಅವರು ಯುರೋಪಿನಲ್ಲಿ ಬ್ರಿಟನ್ನಿನೊಂದಿಗೆ ವ್ಯಾಪಾರ ಒಪ್ಪಂದದ ಕೆಲಸದಲ್ಲಿದ್ದರು. ಆ ನಿಯೋಗ ಒಪ್ಪಿಕೊಂಡದ್ದರಿಂದ ಸ್ಥಾನ ತೆರವಾಗಿದೆ ಎಂದು ಗವರ್ನರ್ ಘೋಷಿಸಿದರು. 1815ರ ಅಕ್ಟೋಬರಿನ ಉಪಚುನಾವಣೆಯಲ್ಲಿ ಕ್ಲೇ ತಮ್ಮದೇ ಖಾಲಿ ಸ್ಥಾನಕ್ಕೆ ತಾವೇ ಆಯ್ಕೆಯಾದರು, ಡಿಸೆಂಬರಿನಲ್ಲಿ ಸ್ಪೀಕರೂ ಆದರು. ಪಟ್ಟಿಯಲ್ಲಿ ಒಬ್ಬರೇ ತಮ್ಮ ಉತ್ತರಾಧಿಕಾರಿಯಾಗಿ ಕಂಡರೆ ಅದು ಮುದ್ರಣದೋಷವಲ್ಲ.

ಚುನಾವಣೆಯೇ ಕೆಟ್ಟುಹೋದಾಗ? ಜಾರ್ಜಿಯಾದಲ್ಲಿ ಕ್ರಾಂತಿಯುದ್ಧದ ಸೇನಾನಿ ಆಂಥೊನಿ ವೇಯ್ನ್, ಜೇಮ್ಸ್ ಜಾಕ್ಸನ್ ಅವರನ್ನು ಸೋಲಿಸಿ ಬಂದಿದ್ದರು. ಕ್ಯಾಮ್ಡೆನ್ ಕೌಂಟಿಯ ಲೆಕ್ಕದಲ್ಲಿ ಮೋಸವಾಗಿತ್ತು. 1792ರ ಮಾರ್ಚಿನಲ್ಲಿ ಸದನ ವೇಯ್ನ್ ಆಯ್ಕೆಯನ್ನು ಒಮ್ಮತದಿಂದ ರದ್ದು ಮಾಡಿತು. ಹಾಗಾದರೆ ಜಾಕ್ಸನ್ ಗೆದ್ದಂತೆಯೇ? ಅದಕ್ಕೆ ಮತ 29–29 ಆಗಿ, ಸ್ಪೀಕರ್ ಜೊನಾಥನ್ ಟ್ರಂಬುಲ್ ಅವರು ಜಾಕ್ಸನ್‌ಗೆ ವಿರುದ್ಧವಾಗಿ ಮತ ಹಾಕಿದರು. ಮಾರ್ಚ್ 21ಕ್ಕೆ ಸ್ಥಾನ ಖಾಲಿಯೆಂದಾಯಿತು, ಜುಲೈನಲ್ಲಿ ಉಪಚುನಾವಣೆ ನಡೆದು ಜಾನ್ ಮಿಲೆಡ್ಜ್ ಗೆದ್ದರು. ಜಾಕ್ಸನ್ ಬಗ್ಗೆ ಮರುಕವಾಗುತ್ತದೆ. ಆದರೂ ಕೊಳೆತ ಎಣಿಕೆಯಿಂದ ಇನ್ನೊಬ್ಬ ವಿಜೇತನನ್ನು ಹೆಕ್ಕಿ ತೆಗೆಯದೆ ಮತದಾರರ ಬಳಿಗೇ ವಾಪಸು ಹೋದದ್ದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ದಿನಾಂಕ ನಿಗದಿ ಮಾಡುವ ಹಕ್ಕಿನ ಬಗ್ಗೆಯೂ ಒಮ್ಮೆ ಜಗಳವಾಯಿತು. 1804ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ವಿಲಿಯಂ ಹೋಗ್ ರಾಜೀನಾಮೆ ಕೊಟ್ಟರು. ತೆರವಾದ ಸ್ಥಾನಕ್ಕೆ ಯಾವ ದಿನ ಮತದಾನ ಎಂಬುದನ್ನು ರಾಜ್ಯದ ಕಾನೂನು ಹೇಳಿರಲಿಲ್ಲ. ಗವರ್ನರ್ ನವೆಂಬರ್ 2 ಎಂದು ರಿಟ್‌ನಲ್ಲೇ ಬರೆದರು. ಅಂದು ಹೇಗೂ ಅಧ್ಯಕ್ಷೀಯ ಚುನಾವಣೆಗೆ ಜನ ಬರುವವರಿದ್ದರು. ವಿಲಿಯಂ ಅವರ ಅಣ್ಣ ಜಾನ್ ಹೋಗ್ ಗೆದ್ದರು. ಚುನಾವಣೆಯ ಕಾಲವನ್ನು ಶಾಸಕಾಂಗ ಗೊತ್ತುಮಾಡಬೇಕೇ ಹೊರತು ಗವರ್ನರ್ ಅಲ್ಲ ಎಂದು ತಕರಾರು ಬಂತು. ಸದನ ಜಾನ್ ಹೋಗ್ ಅವರನ್ನೇ ಉಳಿಸಿಕೊಂಡಿತು. ಕಾನೂನು ಸುಮ್ಮನಿದ್ದಲ್ಲಿ ರಿಟ್ ಮಾತನಾಡಬಹುದು ಎಂದಾಯಿತು.

ಸಂವಿಧಾನದ ವಾಕ್ಯವನ್ನು ಮೇಲೆ ಕೊಟ್ಟಾಗ ‘ಒದಗಿದಾಗ’ ಎಂಬ ಪದ ಬಳಸಿದ್ದೇನೆ. ಮೂಲದಲ್ಲಿ ಇರುವುದು ‘ಹ್ಯಾಪನ್’. ಅಕಸ್ಮಾತ್ತಾಗಿ ಬರುವುದು ಮಾತ್ರ ‘ಒದಗುವುದು’. ಅವಧಿ ಮುಗಿಯುವುದು ಮೊದಲೇ ಗೊತ್ತಿರುವ ಸಂಗತಿ, ಅದೂ ಒದಗಿದ್ದು ಆಗುತ್ತದೆಯೇ? ಇದು ಪಂಡಿತರ ತರ್ಕವೆನಿಸಬಹುದು. 1837ರಲ್ಲಿ ಮಿಸಿಸಿಪ್ಪಿಯ ಇಬ್ಬರು ಪ್ರತಿನಿಧಿಗಳ ಸ್ಥಾನ ತೂಗಾಡಿದ್ದು ಇದೇ ಪದದ ಮೇಲೆ.

ಹಿನ್ನೆಲೆ ಹೀಗೆ. ಆಗ ಕಾಂಗ್ರೆಸ್ಸಿನ ಅವಧಿ ಬೆಸ ವರ್ಷದ ಮಾರ್ಚ್ 4ಕ್ಕೆ ಶುರುವಾಗುತ್ತಿತ್ತು, ಆದರೆ ಸದನ ಸಾಮಾನ್ಯವಾಗಿ ಸೇರುತ್ತಿದ್ದುದು ಡಿಸೆಂಬರಿನಲ್ಲಿ. ಎಲ್ಲ ರಾಜ್ಯಗಳಿಗೂ ಒಂದೇ ಚುನಾವಣಾ ದಿನ ಎಂಬ ಕಾನೂನು ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಕೆಲವು ರಾಜ್ಯಗಳು ಬೆಸ ವರ್ಷದಲ್ಲೇ, ಅವಧಿ ಶುರುವಾದ ಮೇಲೆ, ನಿರಾಳವಾಗಿ ಚುನಾವಣೆ ನಡೆಸುತ್ತಿದ್ದವು. ಮಿಸಿಸಿಪ್ಪಿಯದು 1837ರ ನವೆಂಬರಿನಲ್ಲಿ ಇತ್ತು. ಆ ಮೇ ತಿಂಗಳಲ್ಲಿ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನಬೆಳ್ಳಿಯ ನಾಣ್ಯ ಕೊಡುವುದನ್ನು ನಿಲ್ಲಿಸಿ ದೇಶ ಕುಸಿದು ಕೂತಿತು. ಅಧ್ಯಕ್ಷ ವ್ಯಾನ್ ಬ್ಯೂರೆನ್ ಸೆಪ್ಟೆಂಬರ್ 4ಕ್ಕೆ ವಿಶೇಷ ಅಧಿವೇಶನ ಕರೆದರು. ಮಿಸಿಸಿಪ್ಪಿಗೆ ಪ್ರತಿನಿಧಿಗಳೇ ಇಲ್ಲ! ಗವರ್ನರ್ ಚಾರ್ಲ್ಸ್ ಲಿಂಚ್ ಇದನ್ನು ‘ತೆರವು’ ಎಂದು ಹಿಡಿದು, ನವೆಂಬರಿನಲ್ಲಿ ಆರಿಸಿ ಬರುವವರು ಬರುವವರೆಗೆ ಮಾತ್ರ ಎಂದು ರಿಟ್‌ನಲ್ಲಿ ಬರೆದು, ಜುಲೈನಲ್ಲಿ ಚುನಾವಣೆ ಮಾಡಿಸಿದರು. ಜಾನ್ ಕ್ಲೇಬೋರ್ನ್ ಮತ್ತು ಸ್ಯಾಮ್ಯುಯೆಲ್ ಗೋಲ್ಸನ್ ಗೆದ್ದು ಬಂದರು.

ಅಕ್ಟೋಬರಿನಲ್ಲಿ ಸದನ ಒಂದು ವಿಚಿತ್ರ ಹೆಜ್ಜೆ ಇಟ್ಟಿತು. ರಿಟ್‌ನಲ್ಲಿ ಏನೇ ಬರೆದಿರಲಿ, ತೆರವು ತುಂಬಿದ ಮೇಲೆ ಅದು ಪೂರ್ಣ ಅವಧಿಗೇ ತುಂಬಿದಂತೆ, ಗವರ್ನರ್ ಅದನ್ನು ಮೊಟಕು ಮಾಡಲಾರರು, ಹಾಗಾಗಿ ಇವರಿಬ್ಬರು ಇಡೀ ಕಾಂಗ್ರೆಸ್ಸಿಗೆ ಸದಸ್ಯರು ಎಂದಿತು. ಅತ್ತ ಮಿಸಿಸಿಪ್ಪಿಯಲ್ಲಿ ಕಾನೂನಿನ ಪ್ರಕಾರ ನವೆಂಬರ್ ಚುನಾವಣೆ ನಡೆದೇ ನಡೆಯಿತು. ಗೆದ್ದವರು ಬೇರೆ ಇಬ್ಬರು, ಸಾರ್ಜೆಂಟ್ ಪ್ರೆಂಟಿಸ್ ಮತ್ತು ಥಾಮಸ್ ವರ್ಡ್. ಎರಡು ಸ್ಥಾನಕ್ಕೆ ಈಗ ನಾಲ್ಕು ಜನ. ಪ್ರೆಂಟಿಸ್ ಮೂರು ದಿನ ವಾದಿಸಿದರು. ಅವಧಿ ಮುಗಿದು ಇನ್ನೂ ಆರಿಸದ ಸ್ಥಾನ ‘ಒದಗಿದ ತೆರವು’ ಅಲ್ಲವೇ ಅಲ್ಲ, ಜುಲೈ ಚುನಾವಣೆಗೆ ಆಧಾರವೇ ಇಲ್ಲ ಎಂಬುದು ವಾದದ ತಿರುಳು. 1838ರ ಫೆಬ್ರವರಿಯಲ್ಲಿ ಸದನ ತನ್ನ ಹಳೆಯ ತೀರ್ಮಾನವನ್ನು ರದ್ದು ಮಾಡಿ ಕ್ಲೇಬೋರ್ನ್, ಗೋಲ್ಸನ್ ಅವರನ್ನು ಹೊರಗಿಟ್ಟಿತು. ಪ್ರೆಂಟಿಸ್, ವರ್ಡ್ ಅವರಿಗಾದರೂ ಸ್ಥಾನ ಕೊಡಬೇಕಿತ್ತು. ಮತ ಸಮಸಮವಾಯಿತು, ಸ್ಪೀಕರ್ ಜೇಮ್ಸ್ ಪೋಕ್ ತಮ್ಮ ಮತವನ್ನು ಇವರಿಬ್ಬರ ವಿರುದ್ಧ ಹಾಕಿದರು. ನಾಲ್ವರೂ ಹೊರಗೆ. ಏಪ್ರಿಲಿನಲ್ಲಿ ಮತ್ತೊಂದು ಚುನಾವಣೆ, ಮತ್ತೆ ಪ್ರೆಂಟಿಸ್ ಮತ್ತು ವರ್ಡ್ ಅವರೇ ಗೆದ್ದು ಮೇ 30ಕ್ಕೆ ಕುಳಿತರು. ಹತ್ತು ತಿಂಗಳೊಳಗೆ ಒಂದು ರಾಜ್ಯ ಒಂದೇ ಕಾಂಗ್ರೆಸ್ಸಿಗೆ ಮೂರು ಸಲ ಮತ ಹಾಕಿತು. ನವೆಂಬರಿನಲ್ಲಿ ನೆಟ್ಟಗೆ ಗೆದ್ದವರನ್ನು ಹೊರಗಿಟ್ಟದ್ದಕ್ಕೆ ಕಾನೂನಿನ ಕಾರಣ ಎಷ್ಟು ಹುಡುಕಿದರೂ ನನಗೆ ಕಾಣುವುದು ಪಕ್ಷದ ಲೆಕ್ಕಾಚಾರ ಮಾತ್ರ.

ಸೆನೆಟಿನಲ್ಲೂ ಇದೇ ಬಗೆಯ ಎಳೆದಾಟ. ಡೆಲವೇರಿನ ಜಾರ್ಜ್ ರೀಡ್ 1793ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಶಾಸಕಾಂಗ ಸೇರಿ, ಯಾರನ್ನೂ ಆರಿಸದೆ ಚದುರಿತು. 1794ರ ಮಾರ್ಚಿನಲ್ಲಿ ಗವರ್ನರ್ ಕೆನ್ಸಿ ಜಾನ್ಸ್ ಅವರನ್ನು ನೇಮಿಸಿದಾಗ ಸೆನೆಟ್ ಒಪ್ಪಲಿಲ್ಲ. ಗವರ್ನರರ ಅಧಿಕಾರ ಶಾಸಕಾಂಗದ ಮುಂದಿನ ಸಭೆಯವರೆಗೆ ಮಾತ್ರ, ಆ ಸಭೆ ಆಗಿಹೋಯಿತು, ಅಧಿಕಾರವೂ ಮುಗಿಯಿತು. ಹೆನ್ರಿ ಲ್ಯಾಟಿಮರ್ ಆಯ್ಕೆಯಾಗುವವರೆಗೆ, ಅಂದರೆ 1795ರ ಫೆಬ್ರವರಿಯವರೆಗೆ, ಸ್ಥಾನ ಖಾಲಿ. ಕನೆಕ್ಟಿಕಟ್‌ನಲ್ಲಿ 1825ರಲ್ಲಿ ಜೇಮ್ಸ್ ಲ್ಯಾನ್‌ಮನ್ ಅವರ ಅವಧಿ ಮುಗಿಯುವ ಮೊದಲೇ ಗವರ್ನರ್ ಅವರನ್ನು ಮುಂದಿನದಕ್ಕೆ ನೇಮಿಸಿಟ್ಟರು. ಸೆನೆಟ್ 23–18ರಿಂದ ತಿರಸ್ಕರಿಸಿತು. 1801ರಲ್ಲಿ ಅದೇ ರಾಜ್ಯದ ಯುರಾಯಾ ಟ್ರೇಸಿಯ ಅಂಥದ್ದೇ ನೇಮಕವನ್ನು ಇದೇ ಸೆನೆಟ್ 13–10ರಿಂದ ಒಪ್ಪಿತ್ತು. ಸೆನೆಟರನ್ನು ಜನರೇ ಆರಿಸುವಂತಾದದ್ದು 1913ರ 17ನೆಯ ತಿದ್ದುಪಡಿಯಿಂದ.

ನೀವು ಪಟ್ಟಿಗಳನ್ನು ಓದುತ್ತಿರುವುದರಿಂದ ಒಂದು ಕೆಲಸದ ಮಾತು. ಪ್ರತಿ ತೆರವಿಗೂ ನಾಲ್ಕು ದಿನಾಂಕ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ: ಸ್ಥಾನ ಖಾಲಿಯಾದ ದಿನ, ರಿಟ್ ಹೊರಟ ದಿನ, ಮತದಾನದ ದಿನ, ಸದನದಲ್ಲಿ ಕುಳಿತ ದಿನ. ಹಲವು ಪಟ್ಟಿಗಳು ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಕೊಡುತ್ತವೆ. ಪಕ್ಕದಲ್ಲಿ ಅಧಿವೇಶನದ ದಿನಗಳನ್ನು ಬರೆಯಿರಿ. ಜಾನ್ ಮಾರ್ಷಲ್ ವಿದೇಶಾಂಗ ಕಾರ್ಯದರ್ಶಿಯಾಗಲು 1800ರ ಜೂನ್‌ನಲ್ಲಿ ಬಿಟ್ಟ ಸ್ಥಾನಕ್ಕೆ ಲಿಟಲ್‌ಟನ್ ಟ್ಯಾಜ್‌ವೆಲ್ ಬಂದು ಕುಳಿತದ್ದು ನವೆಂಬರ್ 26ಕ್ಕೆ, ಅವಧಿ ಮುಗಿದದ್ದು 1801ರ ಮಾರ್ಚ್ 3ಕ್ಕೆ. ಮೂರು ತಿಂಗಳ ಚಿಲ್ಲರೆ ಸದಸ್ಯತ್ವಕ್ಕೆ ಚುನಾವಣೆ ಏಕೆ ಬೇಕಿತ್ತು ಎನ್ನಿಸುತ್ತದೆ. ಆ ಮೂರು ತಿಂಗಳೊಳಗೇ, ಫೆಬ್ರವರಿಯಲ್ಲಿ, ಸಮಸಮ ಮತ ಪಡೆದಿದ್ದ ಜೆಫರ್ಸನ್ ಮತ್ತು ಬರ್ ನಡುವೆ ಅಧ್ಯಕ್ಷರು ಯಾರೆಂದು ಸದನ 36 ಸುತ್ತು ಮತ ಹಾಕಿತು. ವರ್ಜೀನಿಯಾದ ತಂಡದಲ್ಲಿ ಟ್ಯಾಜ್‌ವೆಲ್ ಅವರೂ ಇದ್ದರು.